ಕ್ಯಾಂಪಿನ ಕಡುಬು

ಹೆಚ್ಚಿಟ್ಟ ಕುರಿಕೊಬ್ಬನ್ನು ಗುತ್ಯಮ್ಮ ಬೆಲ್ಲದ ಹಿಟ್ಟಿಗೆ ಸುರಿಯಬೇಕು, ಅಷ್ಟರಲ್ಲಿ ಸೊಸೆ ಸಂಗೀತ ಬಂದು ಕೈ ಹಿಡಿದುಕೊಂಡಳು.

“ಅತ್ತೆ, ಏನ್ ಮಾಡಾಕತ್ತೀರಿ? ಬೆಲ್ಲಕ್ಕೆ ಯಾರಾದ್ರೂ ಕೊಬ್ಬು ಹಾಕ್ತಾರೇನ್ರೀ?”

“ಇದು ಕ್ಯಾಂಪಿನ ಕಡುಬು ಕಣೆ. ಹಿಂಗೇ ಮಾಡೋದು. ಕೈ ಬಿಡು.”

ಸಂಗೀತ ಶಿಕಾರಿಪುರದಿಂದ ಮದುವೆಯಾಗಿ ಬಂದ ಮೇಲೆ ಇದು ಮೊದಲ ಹಿರಿಯರ ಹಬ್ಬ. ಸತ್ತವರಿಗೆ ಅವರವರ ಇಷ್ಟದ್ದನ್ನು ಮಾಡಿ ಎಡೆ ಇಡುವುದು ಅವಳ ತವರಿನಲ್ಲೂ ಇತ್ತು. ಅವಳಜ್ಜನ ಎಡೆಗೆ ಬೀಡಿ ಕಟ್ಟು ತಪ್ಪುತ್ತಿರಲಿಲ್ಲ. ಆದರೆ ಸೊರಬ ಸೀಮೆಯ ಈ ಕುರಿ ಸಾಕುವವರ ಮನೆಯಲ್ಲಿ ಜಾರ್ಜಪ್ಪ, ಬಿಲ್ಲಪ್ಪ ಎಂಬ ಇಬ್ಬರು ಬಿಳಿಯರಿಗೂ ಎಡೆ ಇಡುತ್ತಾರೆಂದು ಹೆಣ್ಣು ನೋಡಲು ಬಂದಾಗ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವರನ್ನು ಮನೆಗೆ ಸೇರಿಸಿದ್ದು ಗುತ್ಯಮ್ಮನ ಮಾವ ಹುಚ್ಚರಾಯಪ್ಪ. ಮೈಸೂರು ಪಲ್ಟನ್ನಿನಲ್ಲಿದ್ದವರು, ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರ ಬಿದ್ದಾಗ ಜಪಾನಿಯರಿಗೆ ಸೆರೆಸಿಕ್ಕರು. ಕ್ಯಾಂಪಿನಲ್ಲಿ ಅವರ ಜೊತೆ ಸೌದೆ ಕಡಿಯುತ್ತಿದ್ದ ಇಂಗ್ಲಿಷ್ ಸಿಪಾಯಿಗಳೇ ಜಾರ್ಜ್ ಮತ್ತು ಬಿಲ್ಲಿ. ನೀರು ಗಂಜಿ ಬಿಟ್ಟರೆ ಬೇರೇನೂ ಕಾಣದ ಆ ಜಾಗದಲ್ಲಿ ಎಲ್ಲರೂ ಬಾಯಲ್ಲೇ ಅಡುಗೆ ಮಾಡಿ ಬಾಯಲ್ಲೇ ಉಣ್ಣುತ್ತಿದ್ದರಂತೆ. ಹುಚ್ಚರಾಯಪ್ಪ ಮುದ್ದೆ, ಸಾರು ಬಡಿಸಿದರೆ ಅವರಿಬ್ಬರು ಅರ್ಧ ಹಿಂದೂಸ್ತಾನಿ, ಅರ್ಧ ಕೈಸನ್ನೆಯಲ್ಲಿ ತಮ್ಮೂರ ಕಡುಬು ಬಡಿಸುತ್ತಿದ್ದರು. ಯುದ್ಧ ಮುಗಿದು ಹುಚ್ಚರಾಯಪ್ಪ ಊರಿಗೆ ಬಂದರು. ಅವರಿಬ್ಬರು ಅಲ್ಲೇ ಹಸಿದುಕೊಂಡೇ ಹೋಗಿಬಿಟ್ಟಿದ್ದರು. ಎಡೆ ಶುರುವಾದದ್ದು ಹಾಗೆ. ಹಿಟ್ಟು, ಬೆಲ್ಲ, ಒಣದ್ರಾಕ್ಷಿ, ಕೊಬ್ಬು ಎಲ್ಲ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮಧ್ಯಾಹ್ನದವರೆಗೂ ಕುದಿಸುವುದು. ಮಾವ ಹೇಳಿಕೊಟ್ಟಂತೆ ಗುತ್ಯಮ್ಮ ಒಂದು ಚಿಟಿಕೆ ವ್ಯತ್ಯಾಸವಿಲ್ಲದೆ ನಡೆಸಿಕೊಂಡು ಬಂದಿದ್ದಳು. ಎಡೆ ಎತ್ತಿದ ಮೇಲೆ ಅದನ್ನು ತಿನ್ನುವ ಗಂಡೆದೆ ಮಾತ್ರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕುರಿ ಕಾಯುವ ನಾಯಿ ಕೂಡ ಮೂಸಿ ನೋಡಿ, ಕಚ್ಚಿಕೊಂಡು ಹೋಗಿ ಮಣ್ಣಲ್ಲಿ ಹೂತು ಬರುತ್ತಿತ್ತು.

“ಅಜ್ಜಾರು ಇದನ್ನ ಒಮ್ಮೆನಾದ್ರೂ ತಿಂದಿದ್ರೇನ್ರೀ?” ಸಂಗೀತ ಬಿಡಲಿಲ್ಲ.

“ಅಲ್ಲೆಲ್ಲಿ ತಿಂತಾರೆ? ಬರೀ ಕೇಳಿದ್ದು.”

“ನೋಡ್ರೀ ಮತ್ತೆ! ಒಬ್ಬಾತ ಮಟನ್ ಹೇಳ್ಯಾನ, ಇನ್ನೊಬ್ಬಾತ ಸಿಹಿ ಹೇಳ್ಯಾನ. ಅಜ್ಜಾರು ಎರಡನ್ನೂ ಸೇರ್ಸಿ ಒಂದೇ ಗಂಟು ಕಟ್ಯಾರ. ಪಾಪ, ಇಷ್ಟು ವರ್ಷ ಅವರಿಗೆ ಏನೇನೋ ಇಟ್ಟಂಗಾತು.”

ಗುತ್ಯಮ್ಮ ಕೈ ಬಿಡಿಸಿಕೊಂಡು ಕೊಬ್ಬು ಸುರಿದಳು, ಗಂಟು ಕಟ್ಟಿ ಒಲೆಯ ಮೇಲೂ ಇಟ್ಟಳು. ಆದರೆ ಮಾತು ಒಳಗೆ ನಾಟಿತ್ತು. ಹಸಿದು ಸತ್ತವರು ವರ್ಷಕ್ಕೊಮ್ಮೆ ಅಷ್ಟು ದೂರದಿಂದ ಬಂದು ಕೂತರೆ, ಅವರ ಮುಂದೆ ತಾನು ಇಟ್ಟದ್ದು ಅವರದಲ್ಲದ ಅಡುಗೆಯೇ? ಅವಳಿಗೆ ನಿಜಕ್ಕೂ ಭಯವಾಯಿತು.

ಆಗಲೇ ಮಗ ಯತೀಶನ ಫೋನ್ ಬಂತು. ಅವನು ಗುಡವಿ ಪಕ್ಷಿಧಾಮದಲ್ಲಿ ಪ್ರವಾಸಿಗಳಿಗೆ ಹಕ್ಕಿ ತೋರಿಸುವವನು. ಇಂಗ್ಲೆಂಡಿನ ಗಂಡ ಹೆಂಡತಿ ಸಿಕ್ಕಿದ್ದಾರೆ, ವಯಸ್ಸಾದವರು, ಹಬ್ಬದೂಟಕ್ಕೆ ಕರೆತರಲೇ ಎಂದು ಕೇಳಿದ.

“ಕರ್ಕಂಡ್ ಬಾರೋ!” ಎಂದ ಗುತ್ಯಮ್ಮನ ದನಿ ಅಂಗಳದಾಚೆಗೂ ಕೇಳಿತು. “ಆದ್ರೆ ಕಡುಬಿನ ಸುದ್ದಿ ಎತ್ತಬ್ಯಾಡ. ತಿಂದು ಅವರೇ ಹೇಳ್ಲಿ.” ಆಮೇಲೆ ಸೊಸೆಯ ಕಡೆ ತಿರುಗಿ, “ಅವ್ರು ತಪ್ಪು ಅಂದ್ರೆ ಮುಂದಿನ ವರ್ಷದಿಂದ ನೀ ಹೇಳಿದ್ದು ಮಾಡಾನ. ಆತಾ?” ಎಂದಳು.

ಮಧ್ಯಾಹ್ನ ಎಡೆ ಇಟ್ಟು, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಹಾಕಿ ತೆರೆದದ್ದಾಯಿತು. ಅತಿಥಿಗಳು ಮೊಣಕಾಲು ಮಡಚಲಾಗದೆ ಒದ್ದಾಡಿ ಕೊನೆಗೆ ಜಗಲಿಯ ಮೇಲೆ ಕೂತರು. ಗುತ್ಯಮ್ಮ ಮೊದಲು ಕಡುಬನ್ನೇ ಬಡಿಸಿ, ಸೆರಗು ಬಾಯಿಗೆ ಹಿಡಿದು ನಿಂತಳು. ಗಂಡಸು ಒಂದು ತುಂಡು ಬಾಯಿಗಿಟ್ಟುಕೊಂಡ. ಅಗಿಯುವುದನ್ನು ನಿಲ್ಲಿಸಿದ. ನಾ ಹೇಳಲಿಲ್ಲವೇ ಎನ್ನುವಂತೆ ಸಂಗೀತ ಅತ್ತೆಯನ್ನು ನೋಡಿದಳು. ಆತ ಯತೀಶನಿಗೆ ಏನೋ ಕೇಳಿದ.

“ಅಮ್ಮಾ, ಇದಕ್ಕೆ ಕೊಬ್ಬು ಹಾಕಿದೀರಾ ಅಂತ ಕೇಳ್ತಿದಾರೆ.”

“ಹಾಕಿದೀನಿ ಅನ್ನು. ಹಾಕ್ಬಾರ್ದಂತಾ?” ಗುತ್ಯಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಹಾಕ್ಲೇಬೇಕಂತೆ! ಅವರಜ್ಜಿ ಹಾಕ್ತಿದ್ಲಂತೆ. ಹಿಂಗೇ ಬಟ್ಟೇಲಿ ಕಟ್ಟಿ ಕುದುಸ್ತಿದ್ಲಂತೆ. ಇದು ನಿಮಗ್ಯಾರು ಹೇಳಿಕೊಟ್ರು ಅಂತಿದಾರೆ.”

ಗುತ್ಯಮ್ಮ ಅಲ್ಲೇ ಕೂತು, ಹುಡುಗಿಯಂತೆ ನಕ್ಕುಬಿಟ್ಟಳು. ಸಂಗೀತ ತಾನೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿಕೊಂಡೇ ನುಂಗಿದಳು. ಸೋತವರು ಅಷ್ಟಾದರೂ ಮಾಡಬೇಕಲ್ಲ.

ಅಷ್ಟರಲ್ಲಿ ಜಗಲಿಯ ಮೇಲೆ ದನಿ ಏರಿತು. ಆ ಹೆಂಗಸು ಕಡುಬಿನ ತುಂಡನ್ನೇ ಎತ್ತಿ ತೋರಿಸುತ್ತ ಗಂಡನಿಗೆ ಏನೋ ಹೇಳುತ್ತಿದ್ದಳು. ಅವನು ತಲೆ ಕೊಡವಿ ಕೊಡವಿ ಅಲ್ಲಗಳೆಯುತ್ತಿದ್ದ.

“ಮೊಟ್ಟೆ ಹಾಕದೆ ಎಂಥ ಕಡುಬು ಅಂತ ಆಯಮ್ಮ. ಮೊಟ್ಟೆ ಹಾಕಿದ್ರೆ ಕೆಟ್ಟೋಗ್ತದೆ ಅಂತ ಈಯಪ್ಪ,” ಎಂದ ಯತೀಶ. “ಈಗ ಜಗಳ ಇಬ್ರ ಮನೆತನದ ತನ್ಕ ಹೋಯ್ತು.”

“ಅಯ್ಯೋ, ನಮ್ಮನ್ಯಾಗ ಉಂಡು ಗಂಡ ಹೆಂಡ್ತಿ ಜಗಳ ಆಡಿದ್ರಂತ ಆಗ್ತದ, ಹೋಗಿ ಬಿಡಿಸ್ರೀ!” ಎಂದಳು ಸಂಗೀತ. ಯತೀಶ ಎದ್ದ.

ಗುತ್ಯಮ್ಮ ಅವನ ಅಂಗಿ ಹಿಡಿದು ಕೂರಿಸಿದಳು. ಒಂದು ಮಾತೂ ಅರ್ಥವಾಗದಿದ್ದರೂ ಅವಳು ಕಣ್ಣು ಕೀಳದೆ ಆ ಜಗಳವನ್ನೇ ನೋಡುತ್ತಿದ್ದಳು.

“ಬಿಡಿಸಬ್ಯಾಡ, ಸುಮ್ನಿರು. ಜಾರ್ಜಪ್ಪ ಬಿಲ್ಲಪ್ಪನೂ ಇದಕ್ಕೇ ದಿನಾ ಕಚ್ಚಾಡ್ತಿದ್ರಂತೆ, ಮಾವಯ್ಯ ಹೇಳ್ತಿದ್ರು. ಅಲ್ಲಿ ಬರೀ ಹೊಟ್ಟೇಲಿ ಆಡಿದ್ರು. ಇಲ್ಲಿ ಉಂಡ್ಕೊಂಡು ಆಡ್ಲಿ.”