ಮಗ್ಗದಿಂದ ಕತ್ತರಿಸಿದ ಸೀರೆ

ಅಂಗಡಿಯವರು ಹೊಸ ಇಳಕಲ್ ಸೀರೆ ಬಿಚ್ಚಿದಾಗ ಗಂಜಿಯ ವಾಸನೆ ಬಂದರೆ, ಈಗಲೂ ನನ್ನ ಮುಖ ತಾನಾಗಿ ನಗುತ್ತದೆ.

ನನಗಾಗ ಐದು ತುಂಬಿರಲಿಲ್ಲ. ಅವ್ವನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದಿದ್ದರು. ಅವಳು ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ನಾನು ಅದನ್ನು ಮುಟ್ಟಲು ಹೋದರೆ ಅವ್ವನ ತಾಯಿ, ನಮ್ಮ ಆಯಿ, ಕೈಗೆ ಹೊಡೆಯುತ್ತಿದ್ದಳು. "ನಿಮ್ಮವ್ವ ಬಂದು ನೇಯಬೇಕದನ್ನ!"

ಒಂದು ದಿನ ದವಾಖಾನೆಯಿಂದ ಫೋನ್ ಬಂತು. ಮಧ್ಯಾಹ್ನ ಆಯಿ ಕತ್ತರಿ ಹಿಡಿದು ಮಗ್ಗದ ಮುಂದೆ ಕೂತಳು. ಗಂಜಿ ಕುಡಿದ ಎಳೆಗಳು ಕರಕರ ಎಂದು ತುಂಡಾಗಿ ನನ್ನ ಪಾದದ ಮೇಲೆ ಒರಟಾಗಿ ಬಿದ್ದವು.

"ಅವ್ವ ಬರೂದಿಲ್ಲೇನು?" ಎಂದೆ.

"ನಾಳಿ ಬರ್ತಾಳ, ನನ ಬಂಗಾರಾ."

ಆಯಿಯ ಬಾಯಿ ನಗುತ್ತಿತ್ತು. ನಾನು ನಂಬಿದೆನೋ ಇಲ್ಲವೋ ಎಂದು ಅವಳ ಕಣ್ಣು ನನ್ನ ಮುಖದಲ್ಲಿ ಹುಡುಕುತ್ತಿತ್ತು.

ನಾನು ಚಪ್ಪಾಳೆ ತಟ್ಟಿ ಕುಣಿದೆ. ಆಯಿ ನಿರಾಳವಾಗಿ ಉಸಿರು ಬಿಟ್ಟಳು. ಅರ್ಧ ಸೀರೆಯನ್ನು ಮಡಚಿ, ಅವ್ವನಿಗೆ ಹೊದಿಸಲು ಚೀಲಕ್ಕೆ ಹಾಕಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಸಿಗಿ ಏನ್ ತಿಳೀತೈತಿ, ಪಾಪ."

ಆಯಿ ಮತ್ತೆ ನನ್ನ ಮುಖ ನೋಡಿದಳು. ನಾನು ನಗು ಬಿಡದೆ ಇನ್ನೂ ಜೋರಾಗಿ ಕುಣಿದೆ.