ಬಣ್ಣಕ್ಕೇನೂ ಬರವಿಲ್ಲ

"ಕಂಪನಿ ಹೆಸರು ಕೆಟ್ಟಿದೆ ಕಣಮ್ಮ, ಅದಕ್ಕೇ ಬದಲಾಯಿಸ್ತಿದೀವಿ," ಎಂದು ವಿಮಾನ ಕಂಪನಿಯ ಸಾಹೇಬರು ವಿಮಾನದ ಮೈಮೇಲೆ ಆಗಷ್ಟೇ ಮೂಡುತ್ತಿದ್ದ ಕೆಂಪು ಅಕ್ಷರಗಳನ್ನು ತೋರಿಸಿದಾಗ ಮೆಕ್ಯಾನಿಕ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಕೈ ರೆಕ್ಕೆಯ ಮುಂದಂಚಿನ ರಬ್ಬರ್ ಪಟ್ಟಿಯ ಮೇಲಿತ್ತು. ಹಾರುವಾಗ ರೆಕ್ಕೆಗೆ ಹಿಮ ಕಟ್ಟಿದರೆ ಈ ಪಟ್ಟಿ ಗಾಳಿ ತುಂಬಿಕೊಂಡು ಉಬ್ಬಿ, ಅದನ್ನು ಒಡೆದು ಕೆಡವಬೇಕು. ಪಟ್ಟಿ ಗೇಣುದ್ದ ಹರಿದಿತ್ತು. ಹೋದ ವಾರ ಇದೇ ವಿಮಾನ ಹಿಮ ಹೊತ್ತು, ಗಡಗಡ ನಡುಗುತ್ತ, ನಲವತ್ತು ಜನರೊಂದಿಗೆ ಹೇಗೋ ನೆಲ ಮುಟ್ಟಿತ್ತು.

"ಹೊಸ ಪಟ್ಟಿ ಬೇಕು ಅಂತ ಮೂರು ಸಲ ಬರೆದುಕೊಟ್ಟೆ ಸರ್. ಸ್ಟಾಕ್ ಇಲ್ಲ ಅಂದ್ರಿ. ಬಣ್ಣ ಮಾತ್ರ ಎರಡೇ ದಿನದಲ್ಲಿ ಬಂತಲ್ಲ?"

"ಮೊದಲೇ ಇಂಥ ರೆಕ್ಕೆಗೆ ಫ್ಯಾನ್ ಇರೋ ವಿಮಾನ ಅಂದ್ರೇನೇ ಜನ ಹೆದರ್ತಾರೆ. ಹೊಸ ಹೆಸರು ನೋಡಿ ಅವರಿಗೆ ಧೈರ್ಯ ಬರಬೇಕಲ್ವಾ? ಹರಿದಿರೋದು ಯಾರ ಕಣ್ಣಿಗೆ ಬೀಳುತ್ತೆ? ನಾಳೆ ಬೆಳಿಗ್ಗೆ ಇದು ಹಾರಬೇಕು, ಎಲ್ಲ ಸರಿಯಿದೆ ಅಂತ ಸುಮ್ಮನೆ ಸಹಿ ಹಾಕು," ಎಂದು ಅವರು ಪೆನ್ನು ಚಾಚಿದರು.

ಯಾರ ಕಣ್ಣಿಗೆ ಬೀಳುತ್ತಂತೆ! ಅಕ್ಕ ಆ ಪೆನ್ನನ್ನು ಮುಟ್ಟಲಿಲ್ಲ. ನೇರ ಹೋಗಿ, ಹೊಸ ಹೆಸರು ಬರೆಯುತ್ತಿದ್ದ ಪೇಂಟರ್ ಕೈಯಿಂದ ಬ್ರಷ್ ಕಸಿದುಕೊಂಡಳು.

"ಅಕ್ಕಾ, ಒಣಗಿದ್ರೆ ಈ ಬಣ್ಣ ಸುಲಭಕ್ಕೆ ಹೋಗಲ್ಲ," ಎಂದು ಅವನು ಗಾಬರಿಯಾದ.

"ಹೋಗಬಾರದು ಕಣೋ," ಎಂದಳು. ಜನ ಹತ್ತುವ ಬಾಗಿಲ ಪಕ್ಕದಲ್ಲೇ, ಮೊಳದುದ್ದದ ಅಕ್ಷರಗಳಲ್ಲಿ, 'ಇದರ ರೆಕ್ಕೆಯ ರಬ್ಬರ್ ಹರಿದಿದೆ' ಎಂದು ಬರೆದಳು. ಸಾಹೇಬರು ಕೇಳಿದ್ದ ಸಹಿಯನ್ನು ಅದರ ಕೆಳಗೆ ಹಾಕಿದಳು.