ಮೀಸಲು ನೀರು

"ಬರೋ ವಾರ ಬುಧವಾರದವರೆಗೆ ನೀರಿದೆ ತಾಯಿ. ಅಲ್ಲೀತನಕ ನಿಮ್ಮ ಯಜಮಾನ್ರಿಗೆ ಏನೂ ಆಗಲ್ಲ. ನನ್ನ ಮಾತು ನಂಬಿ," ಅಂದರು ಮೇಷ್ಟ್ರು.

ಹೆಸರಿಗಷ್ಟೇ ಮೇಷ್ಟ್ರು. ಕೆಲಸ ಮರುಭೂಮಿಯ ಅಂಚಿನ ರಕ್ಷಣಾ ಠಾಣೆಯ ಮುಖ್ಯಸ್ಥರದ್ದು. ಒಳಗೆ ಹೊರಟ ಪ್ರತಿ ಗಾಡಿಯನ್ನೂ ತಡೆದು ಎರಡು ಸ್ಟೆಪ್ನಿ, ಸಲಿಕೆ, ಗಾಳಿ ಪಂಪು, ಮರಳಲ್ಲಿ ಹೂತ ಚಕ್ರದಡಿ ಕೊಡುವ ಹಲಗೆ, ಎಲ್ಲ ಎಣಿಸುವರು. ಒಂದು ಕಮ್ಮಿಯಿದ್ದರೂ ಕಿವಿ ಹಿಂಡಿದಂತೆ ಬೈದು ವಾಪಸ್ ಕಳಿಸುವರು. ಎಲ್ಲಕ್ಕಿಂತ ಹೆಚ್ಚು ದಾರಿ ಚೀಟಿ. ಯಾವ ದಾರಿ, ಯಾವಾಗ ವಾಪಸ್ಸು ಎಂದು ಬರೆದು ಠಾಣೆಗೊಂದು, ಮನೆಗೊಂದು ಕೊಟ್ಟೇ ಹೋಗಬೇಕು. "ಸಾಮಾನು ಕೈಕೊಟ್ಟರೂ ಚೀಟಿ ಕಾಯುತ್ತೆ" ಎಂಬುದು ಅವರ ಹಳೇ ರಾಗ.

ಎದುರಿನ ಬೆಂಚಿನಲ್ಲಿ ಕುಳಿತಿದ್ದಾಕೆಯ ಗಂಡ ಭೂವಿಜ್ಞಾನಿ. ಕಲ್ಲಿನ ಮಾದರಿ ತರಲು ಉತ್ತರದ ಉಪ್ಪಿನ ಬಯಲಿಗೆ ಹೋದವನು ಭಾನುವಾರ ಸಂಜೆ ಬರಬೇಕಿತ್ತು. ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಆಕೆ ಠಾಣೆಯ ಮೆಟ್ಟಿಲ ಮೇಲಿದ್ದಳು. ಅವಳ ಚೀಟಿಯಲ್ಲೂ ಉತ್ತರ, ಠಾಣೆಯ ಚೀಟಿಯಲ್ಲೂ ಉತ್ತರ. ಅವನ ಉಪಗ್ರಹ ಫೋನು ಮಾತ್ರ ಅವಳ ಕೈಚೀಲದಲ್ಲಿತ್ತು.

"ಮನೇಲೇ ಬಿಟ್ಟು ಹೋಗಿದಾರೆ. ಮರೆತರೇನೋ."

"ಮರೆಯೋ ಮನುಷ್ಯರಲ್ಲವಲ್ಲ ಅವರು!" ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೋಗಲಿ ಬಿಡಿ. ಕೆಟ್ಟು ನಿಂತಾಗ ಮಾತ್ರ ತೆಗೆಯೋ ಮೀಸಲು ನೀರು ನಲವತ್ತು ಲೀಟರ್ ಇದೆ, ನಾನೇ ಕಣ್ಣಾರೆ ನೋಡಿದೀನಿ. ಈ ಬಿಸಿಲಿಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಹತ್ತು ದಿನ ಬರುತ್ತೆ."

ಆಕೆ ಕಿಟಕಿಯಾಚೆ ಹುಡುಕಲು ಹೊರಟಿದ್ದ ಜೀಪುಗಳನ್ನೇ ನೋಡಿದಳು. "ನಿಮ್ಮೋರು ಒಂದೊಂದು ಗಾಡೀಲಿ ಇಬ್ಬಿಬ್ಬರು ಹೋಗ್ತಿದಾರಲ್ಲ, ಅವರಿಗೂ ಅಷ್ಟೇ ನೀರಾ? ಎಷ್ಟು ದಿನ ಸಾಲುತ್ತೆ?"

ಮೇಷ್ಟ್ರಿಗೆ ಆಕೆಯ ಮೇಲೆ ಗೌರವ ಹೆಚ್ಚಿತು. ಗಂಡ ಇದ್ದಾನೋ ಇಲ್ಲವೋ ತಿಳಿಯದ ಹೊತ್ತಲ್ಲೂ ಪರರ ಬಾಯಾರಿಕೆಯ ಚಿಂತೆ! "ಐದು ದಿನ ತಾಯಿ. ಆಮೇಲೆ ಹೆಚ್ಚೆಂದರೆ ಎರಡು ದಿನ ಜೀವ ಹಿಡೀಬಹುದು. ಆದರೆ ಅವರು ದಿನಾ ಬಂದು ತುಂಬಿಸ್ಕೊಳ್ತಾರೆ. ನೀವು ಅದನ್ನೆಲ್ಲ ತಲೆಗೆ ಹಚ್ಕೋಬೇಡಿ."

ಆಕೆ ದಿನವೂ ಬಂದಳು. ಜೀಪಿನ ಹುಡುಗರಿಗೆಲ್ಲ ಬುತ್ತಿ ಕಟ್ಟಿ ತಂದಳು. "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಉಂಡು ಅವರು ಮತ್ತೆ ಉತ್ತರಕ್ಕೆ ಹೋದರು. ಉಪ್ಪಿನ ಬಯಲನ್ನು ಜರಡಿ ಹಿಡಿದರು. ಒಂದು ಟಯರ್ ಗುರುತೂ ಇಲ್ಲ.

ಗುರುವಾರ ಮೇಷ್ಟ್ರಿಗೆ ಅನುಮಾನ ಬಂತು. "ಬೇರೆ ದಾರಿ ಹಿಡಿದಿರಬಹುದಾ? ದಕ್ಷಿಣಕ್ಕೂ ಒಂದು ಗಾಡಿ ಕಳಿಸಿ ನೋಡ್ಲಾ?"

"ಅವರು ಬರೆದರೆ ಬರೆದ ಹಾಗೇ ಮೇಷ್ಟ್ರೇ. ಹದಿನಾರು ವರ್ಷದಲ್ಲಿ ನನಗೆ ಒಂದು ಸುಳ್ಳೂ ಹೇಳಿದೋರಲ್ಲ," ಅಂದಳು ಆಕೆ. ಇದ್ದದ್ದೇ ಮೂರು ಜೀಪು. ಕಟ್ಟಿಕೊಂಡವಳಿಗಿಂತ ತನಗೆ ಹೆಚ್ಚು ಗೊತ್ತೇ ಎಂದು ಮೇಷ್ಟ್ರು ಮೂರನ್ನೂ ಉತ್ತರಕ್ಕೇ ಕಳಿಸಿದರು.

ಮರುವಾರ ಸೋಮವಾರ ಬೆಳಿಗ್ಗೆ ಆಕೆ ಓಡಿಬಂದಳು. ಕೈಯಲ್ಲಿ ಮಡಿಸಿದ ನಕ್ಷೆ. "ಅವರ ಹಳೇ ಕೋಟಿನ ಜೇಬಲ್ಲಿತ್ತು!" ಪೆನ್ಸಿಲ್ಲಿನ ಗೆರೆ ದಕ್ಷಿಣದ ಬಿಸಿನೀರ ಬುಗ್ಗೆಗೆ ಹೋಗಿತ್ತು.

ಮೇಷ್ಟ್ರು ಬೈಯಲಿಲ್ಲ. ಅವರಿಗೆ ಹೋದ ಜೀವ ಬಂದಂತಾಗಿತ್ತು. "ಇನ್ನೂ ಮೂರು ದಿನದ ನೀರಿದೆ ತಾಯಿ! ಕರ್ಕೊಂಡೇ ಬರ್ತೀನಿ," ಎಂದು ಡ್ರೈವರನ್ನು ಹತ್ತಿಸಿಕೊಂಡು ತಾವೇ ಹೊರಟರು.

ಮಧ್ಯಾಹ್ನಕ್ಕೆ ಗಾಡಿ ಸಿಕ್ಕಿತು. ಆಕ್ಸಲ್ ಮುರಿದಿತ್ತು. ಹೇಳಿಕೊಟ್ಟ ಪಾಠ ಒಂದೂ ತಪ್ಪಿರಲಿಲ್ಲ. ಬಾನೆಟ್ ಎತ್ತಿತ್ತು. ಹೊಗೆ ದೂರಕ್ಕೆ ಕಾಣಲೆಂದು ಸ್ಟೆಪ್ನಿ ಸುಟ್ಟಿದ್ದ. ಗಾಡಿ ಬಿಟ್ಟು ಅತ್ತಿತ್ತ ಅಲೆದ ಹೆಜ್ಜೆಗಳಿರಲಿಲ್ಲ. ಟಾರ್ಪಾಲಿನ ನೆರಳಲ್ಲಿ ಖಾಲಿ ಕ್ಯಾನುಗಳು. ಪಕ್ಕದಲ್ಲಿ ಅವನು. ಅವನ ತೋಳಿನ ಮೇಲೆ ತಲೆಯಿಟ್ಟು, ಬಣ್ಣದ ಸ್ಕಾರ್ಫಿನ ಒಬ್ಬ ಹೆಂಗಸು. ಉಸಿರು ನಿಂತು ಒಂದು ದಿನವಾದರೂ ಆಗಿತ್ತು.

ಠಾಣೆ ದಾಟುವಾಗ ಗಾಡಿಯಲ್ಲಿ ಅವನೊಬ್ಬನೇ ಇದ್ದ; ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂದು ಮೇಷ್ಟ್ರಿಗೆ ಆಗ ಗೊತ್ತಾಯಿತು. ಮರಳಲ್ಲೇ ಕುಸಿದು ಕುಳಿತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಡ್ರೈವರಿಗೆ ಹೇಳಿದರು: "ರೇಡಿಯೋದಲ್ಲಿ ಒಂದಕ್ಷರ ಬೇಡ. ಈ ಹೆಂಗಸಿನ ವಿಷಯ ನಿನಗೆ, ನನಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು. ಆ ತಾಯಿ ಗಂಡನ್ನ ಒಂದು ಸಲ ಕಳ್ಕೊಂಡಿದ್ದು ಸಾಕು."

ಶವಗಳಿದ್ದ ಜೀಪನ್ನು ಠಾಣೆಯ ಹಿಂದಿನ ಶೆಡ್ಡಿಗೆ ಕಳಿಸಿ ಮೇಷ್ಟ್ರು ಒಬ್ಬರೇ ಒಳಗೆ ಬಂದರು. ಆಕೆ ಅದೇ ಬೆಂಚಿನಲ್ಲಿದ್ದಳು. ಪಕ್ಕದಲ್ಲಿ ಕುಳಿತು, "ತಡವಾಯ್ತು ತಾಯಿ," ಅಂದರು. ದಾರಿಯುದ್ದಕ್ಕೂ ಉರುಹೊಡೆದಿದ್ದು ಅಷ್ಟೇ, ಹೇಳಿದ್ದೂ ಅಷ್ಟೇ.

ಆಕೆ ನಿಧಾನಕ್ಕೆ ತಲೆಯೆತ್ತಿ ಕೇಳಿದಳು: "ಇಬ್ಬರೂನಾ?"